ಅಕ್ಕ ಪೆನ್ಸಿಲಿನಲ್ಲಿ ತಿದ್ದಿದ ಕಾದಂಬರಿ

ಹೋದ ವಾರ ಕೊನೆಯ ಪಾರ್ಸೆಲ್ ಅಂಚೆಗೆ ಹಾಕಿ ಬಂದೆ. ಅಲ್ಲಿಗೆ ನನ್ನ ಪುಸ್ತಕದ ಕೆಲಸ ಮುಗಿಯಿತು. ಬರೆಯಲು ಕೂತದ್ದು 2023ರ ಜನವರಿಯಲ್ಲಿ, ಪುಸ್ತಕ ಕೈಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ನಮ್ಮ ಚರ್ಚಿನ ಸಭೆಯಲ್ಲೇ ಮೂರು ನಾಲ್ಕು ಜನ ಕೇಳಿದ್ದಾರೆ, "ನಾವೂ ಏನೋ ಬರೆದಿಟ್ಟಿದ್ದೀವಿ, ಅಚ್ಚು ಹಾಕಿಸೋದು ಹೇಗೆ" ಅಂತ. ಎಲ್ಲರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಂದೇ ಸಲ ಪೂರ್ತಿ ಬರೆಯೋಣ ಅನ್ನಿಸಿತು. ಆದರೆ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಪ್ರೆಸ್ಸಿನ ವಿಷಯ ಎಷ್ಟಿದೆಯೋ ನನ್ನ ಅಕ್ಕನ ವಿಷಯವೂ ಅಷ್ಟೇ ಇದೆ. ಎರಡನ್ನೂ ಬೇರೆ ಮಾಡಲು ನನಗೆ ಆಗಲಿಲ್ಲ.

ನಮ್ಮ ಊರು ಬೆಟಗೇರಿ. ಗದಗಕ್ಕೆ ಅಂಟಿಕೊಂಡ ಊರು, ಮಗ್ಗಗಳ ಊರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿಗೆ ಬಂದರು. ನಮ್ಮ ಮನೆತನ ಆ ಸಭೆಗೆ ಸೇರಿದ್ದು. ಕನ್ನಡದಲ್ಲೇ ಪ್ರಾರ್ಥನೆ, ಕನ್ನಡದಲ್ಲೇ ಹಾಡು. ನಾನು ಓದಿ ಬೆಂಗಳೂರಿಗೆ ಬಂದೆ, ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದೆ. ಅಕ್ಕ ಊರಲ್ಲೇ ಉಳಿದಳು. ಅವ್ವನಿಗೆ ಲಕ್ವಾ ಹೊಡೆದ ಮೇಲೆ ಹದಿನಾಲ್ಕು ತಿಂಗಳು ಅಕ್ಕ ಒಬ್ಬಳೇ ನೋಡಿಕೊಂಡಳು. ನಾನು ತಿಂಗಳಿಗೆ ಇಷ್ಟು ಅಂತ ಹಣ ಕಳಿಸುತ್ತಿದ್ದೆ.

2017ರಲ್ಲಿ ಅವ್ವ ತೀರಿಕೊಂಡಳು. ನಾನು ಮಣ್ಣಿಗೆ ತಡವಾಗಿ ಹೋದೆ. ಪೆಟ್ಟಿಗೆ ಅಂಗಳದಲ್ಲಿ ನನಗಾಗಿ ಕಾದಿತ್ತು. ಎಲ್ಲರ ಎದುರಿಗೆ ಅಕ್ಕ ಕೇಳಿದಳು, "ರೊಕ್ಕ ಕಳಿಸಿದ್ರ ಮುಗೀತಂತ ತಿಳಕೊಂಡಿ ಅಲ್ಲ?" ನಾನೂ ಸುಮ್ಮನಿರಲಿಲ್ಲ. "ನನ್ನ ರೊಕ್ಕ ಇರದಿದ್ರ ಅವ್ವ ಇಷ್ಟ ದಿನ ಉಳೀತಿದ್ಲೇನು?" ಅಂದೆ. ಆಮೇಲೆ ಏಳು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಕ್ರಿಸ್‌ಮಸ್‌ಗೂ ಇಲ್ಲ, ಈಸ್ಟರಿಗೂ ಇಲ್ಲ.

ಬರವಣಿಗೆ ಶುರುವಾದದ್ದು ಬಿಪಿಯಿಂದ. 2022ರ ಮಾರ್ಚ್ 31ರ ರಾತ್ರಿ ಆಫೀಸಿನಲ್ಲಿ ಲೆಕ್ಕ ಮುಗಿಸುವಾಗ ತಲೆ ಸುತ್ತಿ ಕೂತುಬಿಟ್ಟೆ. ನೋಡಿಸಿದರೆ 170ಕ್ಕೆ 100. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸ್ವಲ್ಪ ನಿಧಾನ ಮಾಡಿ" ಅಂದರು. ನಿಧಾನ ಮಾಡುವುದು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ರಜೆ ಹಾಕಿದೆ, ನಡೆಯಲು ಹೋದೆ, ಬೆಳಿಗ್ಗೆ ಸತ್ಯವೇದ, ಅಂದರೆ ಬೈಬಲ್, ಓದುವುದನ್ನು ಮತ್ತೆ ಹಿಡಿದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯಕ್ಕೆ ಬಂದಾಗ ಅಲ್ಲೇ ನಿಂತೆ. ಮಾರ್ಥ, ಮರಿಯ, ಇಬ್ಬರು ಅಕ್ಕತಂಗಿಯರು. ಮಾರ್ಥ ಅಡಿಗೆಯ ಗಡಿಬಿಡಿಯಲ್ಲಿ, ಮರಿಯ ಯೇಸುವಿನ ಪಾದದ ಬಳಿ. ಮರಿಯ ಕೆಲಸಕ್ಕೆ ಕೈ ಹಚ್ಚುವುದಿಲ್ಲ ಅಂತ ಮಾರ್ಥ ದೂರು ಹೇಳಿದರೆ, ಯೇಸು ತಿದ್ದುವುದು ಮಾರ್ಥಳನ್ನೇ. ಕಾದಂಬರಿ ಹೊಳೆದದ್ದು ಅಲ್ಲಿ. ಎಸ್ತೇರ ಅನ್ನುವ ಅಕ್ಕ, ರೂತ್ ಅನ್ನುವ ತಂಗಿ. ಅಕ್ಕ ಸದಾ ಸಿಡಿಮಿಡಿ, ಸದಾ ಕೆಲಸ. ತಂಗಿ ದೊಡ್ಡ ಊರಿನ ಓಟ ಬಿಟ್ಟು ನಿಧಾನವಾಗಿ ಬದುಕಲು ಕಲಿತು, ಕೊನೆಗೆ ಅಕ್ಕನನ್ನು ಕ್ಷಮಿಸುತ್ತಾಳೆ. ಅಷ್ಟೇ ಕಥೆ.

ಬೆಳಿಗ್ಗೆ ಐದರಿಂದ ಆರೂವರೆ. ಫೋನಿನಲ್ಲೇ ಟೈಪ್ ಮಾಡಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಆಮೇಲೆ ಪ್ರಕಾಶಕರನ್ನು ಹುಡುಕುವ ಕೆಲಸ. ಇಲ್ಲಿ ಕ್ರೈಸ್ತ ಕಥೆ ಬರೆಯುವವರು ಒಂದು ಮಾತು ತಿಳಿದಿರಬೇಕು. ನಾಲ್ಕು ಕಡೆ ಕಳಿಸಿದೆ. ಎರಡು ಕಡೆಯಿಂದ ಉತ್ತರವೇ ಇಲ್ಲ. ಒಬ್ಬರು, "ಚೆನ್ನಾಗಿದೆ ಮೇಡಂ, ಆದರೆ ಧಾರ್ಮಿಕ ಪುಸ್ತಕ ನಾವು ಹಾಕಲ್ಲ" ಅಂದರು. ಇನ್ನೊಬ್ಬರು ಬರೀ ಕ್ರೈಸ್ತ ಪುಸ್ತಕಗಳನ್ನೇ ಹಾಕುವವರು. ಎರಡು ತಿಂಗಳು ಇಟ್ಟುಕೊಂಡು, "ಇದರಲ್ಲಿ ಸುವಾರ್ತೆ ಸಾಲದು, ಕೊನೆಗೆ ಯಾರಾದರೂ ಮನಪರಿವರ್ತನೆ ಆಗಬೇಕಿತ್ತು" ಅಂದರು. ಒಂದು ಕಡೆ ಧರ್ಮ ಜಾಸ್ತಿ ಆಯಿತು, ಇನ್ನೊಂದು ಕಡೆ ಕಡಿಮೆ ಆಯಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ' ತಂದವರು ಬಾಸೆಲ್ ಮಿಶನ್ನಿನ ಮೋಗ್ಲಿಂಗ್. 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟು ಕೂಡ ಮಿಶನ್ನಿನಿಂದಲೇ ಬಂದದ್ದು. ಅಂಥ ಸಭೆಯಲ್ಲಿ ಬೆಳೆದವಳು ಬರೆದ ಕನ್ನಡ ಕಥೆಗೆ ಜಾಗ ಇಲ್ಲ ಅಂದರೆ ನೋವಾಗುತ್ತೆ ಅಲ್ವಾ? ನಾನೇ ಹಾಕಿಸುತ್ತೇನೆ ಅಂತ ತೀರ್ಮಾನ ಮಾಡಿದೆ.

ಅಚ್ಚಿಗೆ ಕೊಡುವ ಮುಂಚೆ ನಮ್ಮ ಅಯ್ಯನವರಿಗೆ, ಅಂದರೆ ಸಭೆಯ ಪಾದ್ರಿಗೆ, ಓದಲು ಕೊಟ್ಟೆ. ಅವರು ಧಾರವಾಡದ ಕಡೆಯವರು, ನಮ್ಮ ಮನೆತನ ಗೊತ್ತು. ಎರಡು ವಾರ ಬಿಟ್ಟು ಕರೆದರು. ಎರಡೇ ಮಾತು ಹೇಳಿದರು.

"ಲೂಕ 10 ಓದಿ ಬರೆದಿದ್ದೀರಿ. ಯೋಹಾನ 11, 12 ಓದಿಲ್ಲ."

ಓದಿದೆ. ಗೊತ್ತಿದ್ದ ಕಥೆಯೇ, ಆದರೆ ಈ ಕಣ್ಣಿನಿಂದ ನೋಡಿರಲಿಲ್ಲ. ತಮ್ಮ ಲಾಜರ ಸತ್ತಾಗ ಯೇಸುವನ್ನು ಎದುರುಗೊಳ್ಳಲು ಊರಾಚೆ ಹೋದವಳು ಮಾರ್ಥ. ಮರಿಯ ಮನೆಯಲ್ಲೇ ಕೂತಿದ್ದಳು. "ನೀನೇ ಕ್ರಿಸ್ತನು, ದೇವರ ಮಗನು" ಎಂದು ನಂಬಿಕೆ ಹೇಳಿದವಳೂ ಮಾರ್ಥಳೇ. ಮುಂದಿನ ಅಧ್ಯಾಯದಲ್ಲಿ ಬೇಥಾನ್ಯದ ಊಟ. ಅಲ್ಲೂ ಮಾರ್ಥ ಬಡಿಸುತ್ತಿದ್ದಾಳೆ. ಈ ಸಲ ಅವಳು ದೂರು ಹೇಳುವುದಿಲ್ಲ, ಅವಳನ್ನು ಯಾರೂ ತಿದ್ದುವುದೂ ಇಲ್ಲ.

ಅಯ್ಯನವರ ಎರಡನೆಯ ಮಾತು ಇನ್ನೂ ಕಷ್ಟದ್ದು. "ಬೆಟಗೇರಿಯಲ್ಲಿ ಈ ಪುಸ್ತಕ ಓದಿದವರು ಎಸ್ತೇರ ಯಾರು ಅಂತ ಎರಡನೇ ಪುಟಕ್ಕೆ ಹಿಡಿಯುತ್ತಾರೆ. ನಿಮ್ಮ ಅಕ್ಕ ಓದಿದ್ದಾರಾ?"

ಇಲ್ಲ ಅಂದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕಾಣಿಕೆ ತಂದವನು ಅದನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗಬೇಕು ಅಂತ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೇ ನೆನಪಾಯಿತು.

ನಿಮ್ಮ ಮನೆಯವರ ಬದುಕಿನಿಂದ ಕಥೆ ಮಾಡಿದ್ದರೆ, ಅಚ್ಚಿಗೆ ಮುಂಚೆ ಅವರಿಗೆ ತೋರಿಸಿ. ಹೆಸರು ಬದಲಾಯಿಸಿದ್ದೀನಿ, 'ಪಾತ್ರಗಳು ಕಾಲ್ಪನಿಕ' ಅಂತ ಹಾಕಿದ್ದೀನಿ, ಅಷ್ಟು ಸಾಕು ಅಂದುಕೊಳ್ಳಬೇಡಿ. ಆ ಸಾಲು ಓದುಗರಿಗೆ. ಮನೆಯವರಿಗೆ ಅದು ಉತ್ತರ ಆಗುವುದಿಲ್ಲ.

2024ರ ಜುಲೈ 12, ಶುಕ್ರವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಹಸ್ತಪ್ರತಿಯ ಪ್ರಿಂಟ್ 212 ಹಾಳೆ, ಸ್ಪೈರಲ್ ಹಾಕಿಸಿ ಬ್ಯಾಗಿನಲ್ಲಿಟ್ಟಿದ್ದೆ. ರಾತ್ರಿಯಿಡೀ ಬ್ಯಾಗು ತಲೆಯ ಕೆಳಗೆ. ಗದಗ ಸ್ಟೇಶನ್ನಿನಲ್ಲಿ ಇಳಿದಾಗ ಇನ್ನೂ ಕತ್ತಲು. ಬೆಳಕಾಗಲಿ ಅಂತ ಪ್ಲಾಟ್‌ಫಾರ್ಮಿನಲ್ಲಿ ಎರಡು ತಾಸು ಕೂತೆ. ಅಷ್ಟು ಹೊತ್ತಿಗೆ ಯಾಕೆ ಹೋಗುವುದು ಅನ್ನುವುದು ನೆಪ. ಹೋಗಲು ಕಾಲೇ ಬರುತ್ತಿರಲಿಲ್ಲ.

ಅಕ್ಕ ಬಾಗಿಲು ತೆರೆದಳು. ಕನ್ನಡಕ ಬಂದಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ನಡುಮನೆಯಲ್ಲಿ ಹೊಲಿಗೆ ಮಿಶನ್ನು, ಸುತ್ತ ಜಂಪರಿನ, ಅಂದರೆ ರವಿಕೆಯ, ಬಟ್ಟೆಗಳ ರಾಶಿ. ಅವ್ವನ ಕಾಟು ಇದ್ದ ಜಾಗದಲ್ಲಿ ಈಗ ಬಟ್ಟೆ ಕತ್ತರಿಸುವ ಮೇಜು.

"ಕುಂದ್ರು. ಚಾ ಮಾಡ್ತೀನಿ" ಅಂದಳು.

ಚಹಾ ಕುಡಿದೆವು. ಹೊರಗೆ ಯಾರದೋ ಮಗ್ಗ ಶುರುವಾಯಿತು. ನಾನು ಸ್ಪೈರಲ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

"ಏನದು?"

"ಕಾದಂಬರಿ. ನಾ ಬರದದ್ದು."

"ಯಾರ ಬಗ್ಗೆ?"

"ಅಕ್ಕ ತಂಗಿ ಬಗ್ಗೆ."

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮುಟ್ಟಲಿಲ್ಲ. "ಇಟ್ಟ ಹೋಗು. ಪಂಚಮಿ ಹತ್ರ ಬಂತು, ಜಂಪರ್ ಭಾಳ ಬಿದ್ದಾವು. ಟೈಮ್ ಹಿಡೀತೈತಿ" ಅಂದಳು.

ನಾಗರಪಂಚಮಿ ನಮ್ಮ ಹಬ್ಬ ಅಲ್ಲ. ಆದರೆ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವ ಕಾಲ ಅದು. ಚಿಕ್ಕವರಿದ್ದಾಗ ನಾವೂ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಆಡುತ್ತಿದ್ದೆವು. ಅದನ್ನು ಹೇಳಬೇಕು ಅಂತ ಬಾಯಿಗೆ ಬಂತು, ಹೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಗೆ ಬಂದು ಬೆಂಗಳೂರಿಗೆ ಹೊರಟೆ.

ಆಮೇಲೆ ಕಾಯುವುದು. ನಲವತ್ತೊಂದು ದಿನ.

ಆ ದಿನಗಳಲ್ಲಿ ಬೇರೆ ಕಾಗದಪತ್ರದ ಕೆಲಸ ಮಾಡಿದೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್, ಬೇಕಾದವರು ಗಮನಿಸಿ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಕೇಂದ್ರ ಸರ್ಕಾರದ ಕೆಳಗಿರುವ ರಾಜಾ ರಾಮ್‌ಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ. ಆನ್‌ಲೈನಿನಲ್ಲೇ ಅರ್ಜಿ, ಶುಲ್ಕ ಇಲ್ಲ. ಮಧ್ಯದಲ್ಲಿ ಯಾರಾದರೂ "ಎರಡು ಸಾವಿರ ಕೊಡಿ, ನಂಬರ್ ತೆಗೆಸಿಕೊಡ್ತೀವಿ" ಅಂದರೆ ಕೊಡಬೇಡಿ. ಲೇಖಕರೇ ಪ್ರಕಾಶಕರು ಅಂತ ನೋಂದಣಿ ಮಾಡಿಕೊಳ್ಳಬಹುದು. ಗುರುತಿನ ಚೀಟಿ, ಶೀರ್ಷಿಕೆ ಪುಟ, ರಕ್ಷಾಪುಟ ಸಿದ್ಧ ಇಟ್ಟುಕೊಳ್ಳಿ. ನಾನು ಮಾಡಿದ ತಪ್ಪು ಏನೆಂದರೆ, ಶೀರ್ಷಿಕೆ ಪುಟದಲ್ಲಿ ಚಂದ ಕಾಣಲಿ ಅಂತ ಅವ್ವನ ಹೆಸರಿನಲ್ಲಿ ಒಂದು 'ಪ್ರಕಾಶನ' ಬರೆದಿದ್ದೆ, ಅರ್ಜಿಯಲ್ಲಿ ನನ್ನ ಹೆಸರಿತ್ತು. ಎರಡೂ ಹೊಂದಲಿಲ್ಲ, ಅರ್ಜಿ ವಾಪಸ್ ಬಂತು. ತಿದ್ದಿ ಮತ್ತೆ ಹಾಕಿದೆ. ಮೂರು ವಾರ ಹೆಚ್ಚಾಯಿತು. ಮೊದಲೇ ಒಂದು ಹೆಸರು ತೀರ್ಮಾನ ಮಾಡಿ, ಎಲ್ಲ ಕಡೆ ಅದನ್ನೇ ಅಕ್ಷರ ಬಿಡದೆ ಬರೆಯಿರಿ.

ಇನ್ನೊಂದು, ಸತ್ಯವೇದದ ವಾಕ್ಯಗಳ ವಿಷಯ. ದೇವರ ವಾಕ್ಯಕ್ಕೆ ಯಾರ ಅಪ್ಪಣೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅನುವಾದಕ್ಕೆ ಕಾಪಿರೈಟ್ ಇರುತ್ತದೆ. ಈಗ ಮಾರಾಟದಲ್ಲಿರುವ ಸತ್ಯವೇದದಿಂದ ಉದ್ದುದ್ದ ಭಾಗ ಎತ್ತಿ ಹಾಕುವುದಾದರೆ ಪ್ರಕಟಿಸಿದವರಿಗೆ ಬರೆದು ಅನುಮತಿ ಕೇಳಬೇಕು. ನನ್ನ ಹಸ್ತಪ್ರತಿಯಲ್ಲಿ ಹದಿನೇಳು ಕಡೆ ಪೂರ್ತಿ ವಾಕ್ಯಗಳಿದ್ದವು. ಕೂತು ಒಂದೊಂದನ್ನೇ ನೋಡಿದೆ. ಹದಿಮೂರು ಕಡೆ ಪಾತ್ರಗಳ ಬಾಯಲ್ಲಿ ವಾಕ್ಯ ಬರಬೇಕಾದ ಅಗತ್ಯವೇ ಇರಲಿಲ್ಲ. ಅವರು ಮಾತಾಡಲಾಗದ ಕಡೆಯೆಲ್ಲ ನಾನು ವಾಕ್ಯ ಇಟ್ಟಿದ್ದೆ. ಅವನ್ನು ತೆಗೆದೆ. ಉಳಿದ ನಾಲ್ಕನ್ನು ನಮ್ಮ ಮನೆಯಲ್ಲಿ ಅವ್ವ ಹೇಳುತ್ತಿದ್ದ ರೀತಿಯಲ್ಲಿ ಮಾತಾಗಿ ಬರೆದೆ.

ಆಗಸ್ಟ್ 23ಕ್ಕೆ ಕೊರಿಯರ್ ಬಂತು. ಜಂಪರ್ ಬಟ್ಟೆಯಲ್ಲಿ ಸುತ್ತಿ, ಹೊಲಿಗೆ ಹಾಕಿ, ಮೇಲೆ ವಿಳಾಸ ಬರೆದ ಕಟ್ಟು. ಬಿಚ್ಚಿದರೆ ಮಿಶನ್ ಎಣ್ಣೆಯ ವಾಸನೆ. ಒಳಗೆ ಪತ್ರ ಇರಲಿಲ್ಲ. ಹಾಳೆ ತಿರುವಿದಾಗ ಕಂಡದ್ದು ಅಂಚಿನಲ್ಲಿ ಪೆನ್ಸಿಲಿನ ಗುರುತು. ಸಣ್ಣ ಅಕ್ಷರ, ಒತ್ತಿ ಬರೆದದ್ದು.

ಅಕ್ಕ ಜಗಳ ತೆಗೆದಿರುತ್ತಾಳೆ ಅಂದುಕೊಂಡಿದ್ದೆ. ಒಂದು ಕಡೆಯೂ ಇಲ್ಲ. "ನಾ ಹಿಂಗ ಅಲ್ಲ" ಅಂತ ಒಂದು ಸಾಲೂ ಇಲ್ಲ. ಅವಳು ತಿದ್ದಿದ್ದು ಬೇರೆ. ಎಸ್ತೇರ ತಾಯಿಗೆ ಚಮಚೆಯಿಂದ ಗಂಜಿ ಕುಡಿಸಿ, ಬಾಯಿ ಒರೆಸಿ, ದಡದಡ ಎದ್ದು ಹೋಗುವ ಒಂದು ದೃಶ್ಯ ಬರೆದಿದ್ದೆ. ಅದರ ಪಕ್ಕದಲ್ಲಿ ಹೀಗಿತ್ತು:

"ಚಮಚಾ ಅಲ್ಲ. ಮೂಗಿನ ನಳಿಗಿ. ಒಮ್ಮೆ 200 ಎಂ.ಎಲ್. ಸಿರಿಂಜಿನ ಹಿಂದಿಂದು ತಗದು, ಎತ್ತಿ ಹಿಡದು ಸಣ್ಣಗ ಇಳಿಸಬೇಕು. ಒತ್ತಬಾರದು. 20 ನಿಮಿಷ. ಅವಸರ ಮಾಡಿದ್ರ ವಾಂತಿ ಆಗಿ ಎದಿಗೆ ಹೋಗತೈತಿ."

ಕೆಳಗೆ ಇನ್ನೊಂದು: "ಮುಂಜಾನೆ 6, 9, 12, 3, 6, ರಾತ್ರಿ 9. ಆದ ಮ್ಯಾಲೆ ಅರ್ಧ ತಾಸು ಮಲಗಿಸಂಗಿಲ್ಲ. ಕುಂಡ್ರಿಸಿ ಹಿಡಕೊಂಡಿರಬೇಕು."

ನಾನು ಲೆಕ್ಕದವಳು. ಕೈ ತಾನೇ ಲೆಕ್ಕ ಹಾಕಿತು. ಇಳಿಸಲು ಇಪ್ಪತ್ತು ನಿಮಿಷ, ಹಿಡಿದುಕೊಂಡು ಕೂರಲು ಮೂವತ್ತು. ಐವತ್ತು ನಿಮಿಷ, ದಿನಕ್ಕೆ ಆರು ಸಲ. ಐದು ತಾಸು. ಹದಿನಾಲ್ಕು ತಿಂಗಳು, ದಿನಾ ಐದು ತಾಸು, ಅವಸರ ಮಾಡದೆ ಅವ್ವನ ಪಕ್ಕದಲ್ಲಿ. ಗಡಿಬಿಡಿಯ ಹೆಂಗಸು ಅಂತ ನಾನು ಇನ್ನೂರು ಪುಟ ಬರೆದದ್ದು ಇವಳನ್ನು.

ಇನ್ನೊಂದು ಕಡೆ ನೋಡಿ ನನಗೆ ಮುಂದೆ ಓದಲು ಆಗಲಿಲ್ಲ. ಕಾದಂಬರಿಯಲ್ಲಿ ರೂತ್ ರಾತ್ರಿ ಫೋನ್ ಮಾಡುತ್ತಾಳೆ. ಎಸ್ತೇರ, "ಈಗ ಆಗೂದಿಲ್ಲ" ಅಂತ ಫೋನ್ ಇಟ್ಟುಬಿಡುತ್ತಾಳೆ. ತಂಗಿ ಅಳುತ್ತಾಳೆ. ಇದು ನನಗೆ ಎಷ್ಟೋ ಸಲ ಆದದ್ದೇ, ಹಾಗೇ ಬರೆದಿದ್ದೆ. ಪಕ್ಕದಲ್ಲಿ ಅಕ್ಕ ಬರೆದಿದ್ದಳು:

"ನೀ ಯಾವಾಗ್ಲೂ 9ಕ್ಕ ಮಾಡ್ತಿದ್ದಿ. ಒಂದ ಕೈಯಾಗ ಸಿರಿಂಜ್, ಒಂದ ಕೈಯಾಗ ಅವ್ವನ ತಲಿ. ಫೋನ್ ಯಾವ ಕೈಲೆ ಹಿಡೀಲಿ?"

ನಾನು ಒಂಬತ್ತಕ್ಕೆ ಮಾಡುತ್ತಿದ್ದದ್ದು ನಿಜ. ಆಫೀಸಿನಿಂದ ಬಂದು, ಊಟ ಮಾಡಿ, ಕೈ ತೊಳೆದು, ಆರಾಮಾಗಿ ಕೂತು ಮಾಡುತ್ತಿದ್ದೆ. ಅವ್ವನ ಊಟದ ಹೊತ್ತು ಯಾವುದು ಅಂತ ಒಂದು ದಿನವೂ ಕೇಳಿರಲಿಲ್ಲ.

ಆವತ್ತು ರಾತ್ರಿ ಒಂಬತ್ತಾದ ಮೇಲೆ ಇನ್ನೂ ಒಂದು ತಾಸು ಕಾದು, ಹತ್ತಕ್ಕೆ ಫೋನ್ ಮಾಡಿದೆ. ಏಳು ವರ್ಷದಲ್ಲಿ ಮೊದಲ ಸಲ. ಅಕ್ಕ ಎತ್ತಿದಳು. "ಈಗ ಆಗ್ತೈತೇನು?" ಅಂತ ಕೇಳಿದೆ. ಅಕ್ಕ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹ್ಞೂಂ, ಈಗ ಆಗ್ತೈತಿ" ಅಂದಳು. ಇಬ್ಬರೂ ಅತ್ತೆವು. ಮಾತಾಡಿದ್ದು ಕಡಿಮೆ.

ಕಾದಂಬರಿ ಮತ್ತೆ ಬರೆದೆ. ಎಸ್ತೇರ ಬದಲಾದಳು, ರೂತ್ ಇನ್ನೂ ಜಾಸ್ತಿ ಬದಲಾದಳು. ಒಂದು ಅಧ್ಯಾಯ ಪೂರ್ತಿ ಆ ಇಪ್ಪತ್ತು ನಿಮಿಷ. ಗಂಜಿಯನ್ನು ತೆಳ್ಳನೆ ಬಟ್ಟೆಯಲ್ಲಿ ಸೋಸುವುದರಿಂದ ಹಿಡಿದು, ಕೊನೆಗೆ ನೀರು ಹಾಕಿ ನಳಿಗೆ ತೊಳೆಯುವ ತನಕ, ಬೇರೆ ಏನೂ ನಡೆಯುವುದಿಲ್ಲ. ಅದನ್ನು ಬರೆಯಲು ಎರಡು ತಿಂಗಳು ಬೇಕಾಯಿತು. ಬರೆದ ಪುಟಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಅಕ್ಕ ಒಂದೊಂದು ಸಲ, "ನಳಿಗಿ ಹೊಟ್ಟ್ಯಾಗ ಐತೋ ಇಲ್ಲೋ ನೋಡದ ಹಾಕಿದ್ಲೇನು ನಿನ್ನ ಎಸ್ತೇರ?" ಅಂತ ವಾಯ್ಸ್ ಮೆಸೇಜ್ ಹಾಕುತ್ತಿದ್ದಳು. ತಿದ್ದುತ್ತಿದ್ದೆ.

ನವೆಂಬರಿನಲ್ಲಿ ಪ್ರೆಸ್ ಹುಡುಕಿದೆ. ಬೆಂಗಳೂರಿನಲ್ಲಿ ಎರಡು ಕಡೆ ಕೇಳಿದ ಮೇಲೆ ಅಕ್ಕನೇ ಹೇಳಿದಳು, "ಗದಗಿನ್ಯಾಗ ಏನ ಪ್ರೆಸ್ಸಿಗೆ ಬರಗಾಲ ಐತೇನು?" ನಿಜ. ಗದಗವನ್ನು ಮುದ್ರಣ ಕಾಶಿ ಅಂತಲೇ ಕರೆಯುತ್ತಾರೆ. ಅಲ್ಲೇ ಒಂದು ಕಡೆ ಮಾತಾಡಿದೆವು.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಹಂತದಲ್ಲಿ ದೊಡ್ಡ ತೊಡಕು ಬಂತು. ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅಂದರೆ ಈಗ ಎಲ್ಲ ಫೋನು, ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ವ್ಯವಸ್ಥೆ. ಪುಟ ಕಟ್ಟುವವರು ಬಳಸುತ್ತಿದ್ದದ್ದು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟು. ಬದಲಾಯಿಸುವಾಗ ಅರ್ಕಾವತ್ತು ಎಲ್ಲ ಜಾಗ ತಪ್ಪಿದವು. 'ಮಾರ್ಥ' ಹೋಗಿ 'ಮಾಥರ್' ಆಯಿತು. 'ಪ್ರಾರ್ಥನೆ' ಹೋಗಿ 'ಪ್ರಾಥರ್ನೆ'. 176 ಪುಟದಲ್ಲಿ ಇಂಥವು ನೂರಾರು. ಒಂದೇ ಸಲ ಹುಡುಕಿ ಬದಲಾಯಿಸಲು ಹೋದರೆ ಸರಿಯಿದ್ದದ್ದೂ ಕೆಡುತ್ತಿತ್ತು. ಫೈಲ್ ಕೊಡುವ ಮುಂಚೆಯೇ ಯಾವ ಫಾಂಟು, ಯಾವ ಸಾಫ್ಟ್‌ವೇರ್ ಅಂತ ಕೇಳಿಕೊಳ್ಳಿ. ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕರೆ ಅವರಿಗೇ ಕೊಡಿ. ಇಲ್ಲದಿದ್ದರೆ ಪೂರ್ತಿ ಪುಸ್ತಕಕ್ಕೆ ಮುಂಚೆ ಹತ್ತು ಪುಟ ಬದಲಾಯಿಸಿ ನೋಡಿ.

ಮೊದಲ ಕರಡನ್ನು (ಪ್ರೂಫ್) ಸಂಬಳ ಕೊಟ್ಟು ಬೇರೆಯವರಿಂದ ತಿದ್ದಿಸಿದೆ. ಎರಡನೆಯದು ನಾನು. ಮೂರನೆಯದು ಅಕ್ಕ. ಅಷ್ಟು ಹೊತ್ತಿಗೆ ಮಾರ್ಚ್ ಬಂದಿತ್ತು, ನನಗೆ ಆಫೀಸಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳು. ಕ್ರಿಸ್‌ಮಸ್‌ಗೇ ತರಬೇಕು ಅಂತ ಮೊದಲು ಹಟ ಇತ್ತು. ಅದನ್ನು ಬಿಟ್ಟಿದ್ದೆ. ಅಕ್ಕ ದಿನಾ ಸಂಜೆ ಕೆಲಸ ಮುಗಿಸಿ ಪ್ರೆಸ್ಸಿಗೆ ಹೋಗಿ, ಎಂಟೆಂಟು ಪುಟ ಬೆರಳಿಟ್ಟು ಓದಿ ಬರುತ್ತಿದ್ದಳು. ಎಂಟಕ್ಕಿಂತ ಜಾಸ್ತಿ ಓದುತ್ತಿರಲಿಲ್ಲ. "ಕಣ್ಣು ಓಡ್ತಾವು, ತಪ್ಪು ಸಿಗೂದಿಲ್ಲ" ಅನ್ನುತ್ತಿದ್ದಳು. 22 ದಿನ ಹಿಡಿಯಿತು. ಅವಳು ಹಿಡಿದ ತಪ್ಪು 61. ನಾನು ಎರಡನೇ ಕರಡಿನಲ್ಲಿ ಅಷ್ಟನ್ನೂ ದಾಟಿ ಹೋಗಿದ್ದೆ.

ಖರ್ಚು ಕೇಳಿದವರಿಗೆ. ಡೆಮಿ 1/8, ಅಂದರೆ ಸಾಮಾನ್ಯ ಕಾದಂಬರಿಯ ಅಳತೆ, ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಅನ್ನುತ್ತಾರೆ. ಮೊದಲು ಪುಸ್ತಕ 160 ಪುಟ, ಹತ್ತು ಫಾರಂ ಇತ್ತು. ಮತ್ತೆ ಬರೆದ ಮೇಲೆ 176, ಹನ್ನೊಂದು ಫಾರಂ. ಪುಟಗಳು ಫಾರಂ ಲೆಕ್ಕಕ್ಕೆ ಕೂರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಖಾಲಿ ಹಾಳೆಗೆ ದುಡ್ಡು ಕೊಟ್ಟಂತೆ. ಡಿಟಿಪಿ ಪುಟಕ್ಕೆ 30 ರೂಪಾಯಿಯಂತೆ 5,280. ಮೊದಲ ಕರಡು ತಿದ್ದಿದವರಿಗೆ 2,640. ರಕ್ಷಾಪುಟಕ್ಕೆ 4,000. 70 ಜಿಎಸ್‌ಎಂ ಕಾಗದದಲ್ಲಿ 500 ಪ್ರತಿ ಅಚ್ಚು, ಬೈಂಡಿಂಗ್ ಸೇರಿ 43,500. ಜೆರಾಕ್ಸ್, ಕೊರಿಯರ್, ಅಂಚೆ ಎಲ್ಲ ಸೇರಿ 2,300. ಒಟ್ಟು 57,720. ಒಂದು ಪ್ರತಿಗೆ 115 ರೂಪಾಯಿ ಬಿತ್ತು. ಬೆಲೆ 180 ಇಟ್ಟೆ. ಅಂಗಡಿಯವರ ಕಮಿಶನ್ ಕಳೆದರೆ ಕೈಗೆ ಬರುವುದು ಅಸಲಿಗಿಂತ ಕಡಿಮೆ. ಸಭೆಗಳಲ್ಲಿ ನೇರವಾಗಿ ಮಾರಿದರೆ ಮಾತ್ರ ಹಾಕಿದ ದುಡ್ಡು ವಾಪಸ್ ಬರುತ್ತದೆ. 500ರ ಬದಲು ನೂರೇ ಪ್ರತಿ ಡಿಜಿಟಲ್ ಪ್ರಿಂಟ್ ಮಾಡಿಸಿದರೆ ಒಂದೊಂದಕ್ಕೆ ಜಾಸ್ತಿ ಬೀಳುತ್ತೆ, ಆದರೆ ಒಟ್ಟು ದುಡ್ಡು ಕಡಿಮೆ, ಮನೆಯಲ್ಲಿ ಕಟ್ಟು ಉಳಿಯುವ ಚಿಂತೆಯೂ ಇಲ್ಲ. ಮೊದಲ ಪುಸ್ತಕಕ್ಕೆ ಅದೇ ಒಳ್ಳೆಯದು ಅಂತ ಈಗ ಅನ್ನಿಸುತ್ತದೆ.

ಬಹಳ ಜನ ಮರೆಯುವ ಒಂದು ಕೆಲಸ ಇದೆ. ಪುಸ್ತಕ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಚೆನ್ನೈ, ಮುಂಬೈ, ದೆಹಲಿಯ ಗೊತ್ತುಮಾಡಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. 1954ರ ಕಾನೂನು ಇದು. ಸ್ವಂತ ಪ್ರಕಟಣೆಯಾದರೆ ಕಳಿಸುವ ಜವಾಬ್ದಾರಿ ನಮ್ಮದೇ. ಅಂಚೆ ರಸೀದಿ ಇಟ್ಟುಕೊಳ್ಳಿ. ನಾನು ಹೋದ ವಾರ ಹಾಕಿದ ಕೊನೆಯ ಪಾರ್ಸೆಲ್ ಇದೇ, ದೆಹಲಿಗೆ.

ಈಸ್ಟರ್ ಆದ ಮರು ಭಾನುವಾರ, ಏಪ್ರಿಲ್ 27ಕ್ಕೆ, ಬೆಟಗೇರಿಯಲ್ಲಿ ಆರಾಧನೆ ಮುಗಿದ ಮೇಲೆ ಪುಸ್ತಕ ಬಿಡುಗಡೆ. ಹಾರ, ಶಾಲು ಏನೂ ಬೇಡ ಅಂದಿದ್ದೆವು. ಹಿಂದಿನ ದಿನ ಪ್ರೆಸ್ಸಿನಿಂದ ಆಟೋದಲ್ಲಿ ಕಟ್ಟುಗಳು ಬಂದವು. ನಡುಮನೆಯ ಮೇಜಿನ ಮೇಲೆ ಇಳಿಸಿದೆವು. ಅಕ್ಕ ಕತ್ತರಿ ತಂದು ಒಂದು ಕಟ್ಟಿನ ದಾರ ಕತ್ತರಿಸಿದಳು. ಮೇಲಿನ ಪ್ರತಿ ತೆಗೆದು ಅರ್ಪಣೆಯ ಪುಟ ನೋಡಲಿಲ್ಲ. ಅಲ್ಲಿ ಅವಳ ಹೆಸರಿತ್ತು. ನೇರ ಒಳಗೆ ಹೋಗಿ ಆ ಅಧ್ಯಾಯ ಹುಡುಕಿದಳು. ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. ಒಂದು ಕಡೆ ಬೆರಳು ನಿಂತಿತು.

"ಇನ್ನೂರು ಎಂ.ಎಲ್. ಸರಿ ಐತಿ" ಅಂದಳು.

ಈ ತನಕ 310 ಪ್ರತಿ ಹೋಗಿವೆ. ಉಳಿದವು ಅಕ್ಕನ ಮನೆಯಲ್ಲಿ ಮೇಜಿನ ಕೆಳಗಿವೆ. ಜಂಪರ್ ಹೊಲಿಸಲು ಬಂದವರು ಕೇಳಿ ಒಯ್ಯುತ್ತಾರಂತೆ. ಮಣ್ಣಿನ ದಿನ ನಾವಾಡಿದ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ. ಎತ್ತುತ್ತೇವೋ ಇಲ್ಲವೋ. ದಿನಾ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತೇನೆ. ಈ ಪಂಚಮಿಗೆ ನಾಲ್ಕು ದಿನ ರಜೆ ಹಾಕಿದ್ದೇನೆ, ಊರಿಗೆ ಹೋಗಲು.